ತಪ್ಪು–ಒಪ್ಪು

ಕರಡು ಬಂದದ್ದು ಮಂಗಳವಾರ,
ಸೂರ್ಯಕಾಂತಿ ಬೀಜದ ಹಳೇ ರಟ್ಟಿನ ಪೆಟ್ಟಿಗೆಯಲ್ಲಿ.
ಇನ್ನೂರ ಹನ್ನೆರಡು ಪುಟ. ಪುಟಕ್ಕೆ ಮೂರು ಲೇಯಿ ಕೂಲಿ.
ಹೆಸರು: ಸಾಲ, ಸಹನೆ ಮತ್ತು ಸಮಾಜ.
ಲೇಖಕರು: ಕೋಸ್ತಿನ್ ವ್ರಬಿಯೆಸ್ಕು.
ಸದ್ಯದ ವಿಳಾಸ: ಜೈಲು, ಎರಡನೇ ಮಹಡಿ, ಆಸ್ಪತ್ರೆಯ ಕಡೆ,
ಕಿಟಕಿಯಿರುವ ಕೋಣೆ.

ಒಳಗಿದ್ದು ಒಂದು ಪುಸ್ತಕ ಬರೆದರೆ ಮೂವತ್ತು ದಿನ ಮಾಫಿ.
ಕಾನೂನು ಹಾಗಿದೆ, ನಾನು ಮಾಡಿದ್ದಲ್ಲ.
ಇದು ಅವನ ಆರನೆಯದು, ಈ ಚಳಿಗಾಲವೊಂದರಲ್ಲೇ.
ಮುನ್ನುಡಿ ಮಾಜಿ ಮಂತ್ರಿಗಳದು.
ಅದರಲ್ಲಿ 'ಪ್ರಾಮಾಣಿಕತೆ' ಎರಡು ಕಡೆ ತಪ್ಪಾಗಿದೆ,
ಕಾಗುಣಿತದ ಮಾತು ಹೇಳುತ್ತಿದ್ದೇನೆ, ಅಷ್ಟೇ.

ನಮ್ಮ ಭಾಷೆಯಲ್ಲಿ ಕೆಲವು ಅಕ್ಷರಕ್ಕೆ ಟೋಪಿ ಹಾಕಬೇಕು,
ಕೆಲವಕ್ಕೆ ಕಾಲಡಿ ಬಾಲ ಕಟ್ಟಬೇಕು.
ಇಡೀ ಬ್ರಯಿಲಾ ಊರಿಗೆ ಟೋಪಿ ಹಾಕಿದವನು
ಅಕ್ಷರಗಳನ್ನು ಮಾತ್ರ ಬರಿತಲೆಯಲ್ಲಿ ಬಿಟ್ಟಿದ್ದಾನೆ.
ಕೂತು ಹಾಕಿದೆ, ಒಂದೊಂದಕ್ಕೂ, ಕೆಂಪು ಪೆನ್ಸಿಲಿನಲ್ಲಿ.

ನಡುವೆ ಲೆಕ್ಕ ಮಾಡಿದೆ. ಚಟ.
ಒಂದು ಪುಟ ಅಂದರೆ ಮೂರು ಗಂಟೆ ಇಪ್ಪತ್ತನಾಲ್ಕು ನಿಮಿಷ.
ಅಧ್ಯಾಯಗಳ ನಡುವಿನ ಖಾಲಿ ಹಾಳೆಗೂ ಅಷ್ಟೇ.

ಮೇಲಿನ ಮನೆಯ ಸವಾಸ್ತಾಳ ಮೊಮ್ಮಗ ಫ್ಲೋರಿನೆಲ್
ರೈಲ್ವೆಯ ತಾಮ್ರದ ತಂತಿ ಕದ್ದ, ನಲವತ್ತು ಮೀಟರು.
ಮೂರು ವರ್ಷ. ಪೂರ್ತಿ ಮೂರು.
ಅವನೂ ಬರೆಯುತ್ತಾನೆ. ಅಜ್ಜಿ ನನ್ನಲ್ಲಿಗೆ ತಂದು ಓದಿಸುತ್ತಾಳೆ:
'ಸಾಕ್ಸ್ ಕಳಿಸು, ಉಣ್ಣೆಯದು.'
ಇದನ್ನು ಯಾರೂ ಪುಸ್ತಕವೆಂದು ಎಣಿಸಲಿಲ್ಲ.

ನನ್ನದು ಹನ್ನೊಂದು ಸಾವಿರದ ನಾನೂರು.
ಗಂಡ ಹಡಗುಕಟ್ಟೆಯಲ್ಲಿ ಕಬ್ಬಿಣ ಬೆಸೆದು ಉಳಿಸಿದ್ದು.
ಹಸಿರು ಪಾಸ್‌ಬುಕ್ಕು ಚಮಚಗಳ ಡ್ರಾಯರಿನಲ್ಲಿದೆ.
ಅದರಲ್ಲಿ ಒಂದೂ ಅಚ್ಚಿನ ತಪ್ಪಿಲ್ಲ.

ಕೊನೆಗೆ ಉಳಿಯುವುದು ತಪ್ಪು–ಒಪ್ಪಿನ ಹಾಳೆ.
ತಪ್ಪೊಪ್ಪಿಗೆಯಲ್ಲ, ಅದು ಬೇರೆ, ಅದಕ್ಕೆ ಲೇಖಕರೇ ಬೇಕು.
ರಾತ್ರಿ ಹೀಟರು ನಿಂತ ಮೇಲೆ
ಕೋಟು ಹೊದ್ದು ಟೈಪು ಮಾಡಿದೆ:

ಪುಟ ೪೧, ಸಾಲು ೧೨: 'ನಷ್ಟ' ಎಂದಿರುವಲ್ಲಿ
'ಕಳವು' ಎಂದು ಓದಿಕೊಳ್ಳಿ.
ಪುಟ ೯೮, ಸಾಲು ೩: 'ಠೇವಣಿದಾರರೆಂಬ ವರ್ಗ' ಎಂದಿರುವಲ್ಲಿ
ಹೆಸರುಗಳನ್ನು ಸೇರಿಸಿಕೊಳ್ಳಿ.
ಪುಟ ೧೫೦: 'ಮಾರುಕಟ್ಟೆಯ ಬಿರುಗಾಳಿ' ಎಂದಿರುವಲ್ಲಿ 'ನಾನು'.
ಅರ್ಪಣೆ: 'ನನ್ನ ತಾಯಿಗೆ.'
ಇದು ಸರಿಯಿದೆ. ಹಾಗೇ ಇರಲಿ.

ಅಚ್ಚಾದದ್ದೇ ಹನ್ನೆರಡು ಪ್ರತಿ.
ಕಟ್ಟು ಕಟ್ಟುವ ಮುಂಚೆ ಹನ್ನೆರಡರೊಳಗೂ ಇಟ್ಟೆ.
ಆಮೇಲೆ ಎರಡು ವಾರ
ಲಿಫ್ಟಿನ ಸದ್ದಾದರೆ ಎದೆ ಧಸಕ್ಕೆನ್ನುತ್ತಿತ್ತು.
ಯಾರೂ ಬರಲಿಲ್ಲ.
ಬರುವುದಕ್ಕೆ ಯಾರಾದರೂ ಓದಬೇಕಲ್ಲ.
ನ್ಯಾಯಾಧೀಶರು ಪುಸ್ತಕವನ್ನು ಕೈಯಲ್ಲಿ ತೂಗಿ,
ಬೆನ್ನಿನ ದಪ್ಪ ನೋಡಿ,
'ಮೂವತ್ತು' ಎಂದು ಬರೆದರಂತೆ.

ತೀರ್ಪಿನ ದಿನ ಚೌಕದಲ್ಲಿ ಎಲ್ಲರಿಗೂ ಕೇಳಿಸಿದ್ದು ಏಳು ವರ್ಷ.
ನಾನೂ ಕೇಳಿದ್ದೆ, ಈ ಕಿವಿಯಲ್ಲೇ.
ಎರಡನೇ ಸಲ ಲೈಲಾಕ್ ಹೂ ಬಿಡುವಾಗ
ಟಿವಿಯಲ್ಲಿ ಕಂಡ, ಗೇಟಿನ ಹೊರಗೆ,
ಸ್ವಲ್ಪ ಇಳಿದು ಹೋಗಿದ್ದಾನೆ, ಅದು ನಿಜ,
ಎದೆಗೆ ಒತ್ತಿ ಹಿಡಿದ ಪುಸ್ತಕ, ಮುಚ್ಚಿದ್ದು.
ಬಿಳಿ ಅಂಚೊಂದು ಹೊರಗೆ ಇಣುಕುತ್ತಿತ್ತೋ,
ಸಾರಿನ ಆವಿಗೆ ನನ್ನ ಕನ್ನಡಕವೇ ಮಸುಕಾಗಿತ್ತೋ.

ಆಗಲೇ ಫೋನು. ಪ್ರಕಾಶಕನದು.
'ಝಮ್ಫಿರಾ ಮೇಡಂ, ಇನ್ನೊಂದು ಬಂದಿದೆ.
ಈ ಸಲ ಮಾಜಿ ಮಂತ್ರಿಗಳದೇ.
ನೆನ್ನೆಯಷ್ಟೇ ಒಳಗೆ ಹೋದರು, ತುಂಬ ಅವಸರ.'
ಒಲೆಯ ಮೇಲೆ ಚೋರ್ಬಾ ಉಕ್ಕುತ್ತಿತ್ತು.
ಗ್ಯಾಸು ಆರಿಸಿ ಬಂದೆ.

'ಪುಟಕ್ಕೆ ಐದು,' ಎಂದೆ.
'ಖಾಲಿ ಹಾಳೆಗೂ.'